ಸಿಂಹಮೀನನ್ನು ಮನೆಯಲ್ಲಿ ಸಾಕಬಹುದೇ?

ಪ್ರಶ್ನೆ: ನಾನು ಮೈಸೂರಿನವನು. ಏಳು ವರ್ಷಗಳಿಂದ ಸಿಹಿನೀರಿನ ಅಕ್ವೇರಿಯಂ ಇಟ್ಟಿದ್ದೇನೆ. ಏಂಜಲ್, ಡಿಸ್ಕಸ್ ಸಾಕಿದ ಅನುಭವವಿದೆ. ಕಳೆದ ತಿಂಗಳು ಬೆಂಗಳೂರಿನ ಅಂಗಡಿಯೊಂದರಲ್ಲಿ ಮೂರು ಇಂಚಿನ ಲಯನ್‌ಫಿಶ್ ಮರಿಯನ್ನು ನೋಡಿದೆ. ಅಂದಿನಿಂದ ಅದೇ ಕಣ್ಣ ಮುಂದೆ ಇದೆ. ನನ್ನ ಮೂರಡಿಯ ತೊಟ್ಟಿಯನ್ನು ಉಪ್ಪುನೀರಿಗೆ ಬದಲಾಯಿಸಿ ಅದನ್ನು ತರಬೇಕೆಂದಿದ್ದೇನೆ. ‘ವಿಷ ಜೇನುಹುಳ ಕಡಿದಷ್ಟೇ. ಗಪ್ಪಿ, ಗೋಲ್ಡ್‌ಫಿಶ್ ಮರಿ ಹಾಕುತ್ತಿದ್ದರೆ ಸಾಕು’ ಎನ್ನುತ್ತಾರೆ ಅಂಗಡಿಯವರು. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ಹೃದಯದ ತೊಂದರೆಯಿರುವ ಅಮ್ಮ ಇದ್ದಾರೆ. ಸಾಕಬಹುದೇ? ತೀರಾ ದೊಡ್ಡದಾದರೆ ಮಲ್ಪೆಗೆ ಹೋದಾಗ ಸಮುದ್ರಕ್ಕೆ ಬಿಟ್ಟುಬಿಡಬಹುದೇ?

ಉತ್ತರ: ಆ ಮರಿಯನ್ನು ತರಬೇಡಿ. ನಿಮ್ಮ ಮೂರಡಿಯ ತೊಟ್ಟಿಯಲ್ಲಿ ಸಿಂಹಮೀನನ್ನು ಸಾಕಲು ಸಾಧ್ಯವಿದೆ, ಆದರೆ ಅದು ಬೇರೆ ಜಾತಿಯದು, ಕುಳ್ಳ ಜಾತಿಯದು. ಅದನ್ನೂ ಒಂದು ವರ್ಷ ಉಪ್ಪುನೀರನ್ನು ನಿಭಾಯಿಸಿ ಕೈ ಪಳಗಿದ ಮೇಲೆ ತನ್ನಿ. ಸಮುದ್ರಕ್ಕೆ ಬಿಡುವ ಯೋಚನೆಯನ್ನು ಮಾತ್ರ ಇಂದೇ ಕೈಬಿಡಿ.

ನಿಮ್ಮ ಆಸೆಗೆ ತಣ್ಣೀರು ಎರಚಲು ಹೀಗೆ ಹೇಳುತ್ತಿಲ್ಲ. ಇಪ್ಪತ್ತು ವರ್ಷಗಳಿಂದ ಉಪ್ಪುನೀರಿನ ಮೀನುಗಳ ಜೊತೆಗಿದ್ದೇನೆ. ಇಂದಿಗೂ ಸಂಜೆ ದೀಪ ಮಂದವಾದಾಗ ಸಿಂಹಮೀನು ಕಲ್ಲಿನ ಮರೆಯಿಂದ ಹೊರಬರುವುದನ್ನು ನೋಡಲು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಅದು ಈಜುವುದಿಲ್ಲ, ತೇಲಿಬರುತ್ತದೆ. ಎರಡೂ ಪಕ್ಕದ ರೆಕ್ಕೆಗಳನ್ನು ಬೀಸಣಿಗೆಯಂತೆ ಅಗಲಿಸಿ, ಎದುರಿನ ಸಿಗಡಿಯನ್ನು ನಿಧಾನವಾಗಿ ಮೂಲೆಗೆ ಒತ್ತಿ, ಒಂದು ಕ್ಷಣ ಸ್ತಬ್ಧವಾಗಿ ನಿಲ್ಲುತ್ತದೆ. ಮರುಕ್ಷಣ ಸಿಗಡಿ ಅಲ್ಲಿರುವುದಿಲ್ಲ. ಬಾಯಿ ತೆರೆದದ್ದೂ ಕಾಣುವುದಿಲ್ಲ, ಮುಚ್ಚಿದ್ದೂ ಕಾಣುವುದಿಲ್ಲ. ಇಂಥ ಮೀನಿಗೆ ಮನಸೋಲುವುದು ಸಹಜ. ಅದಕ್ಕೇ ಅದನ್ನು ಸರಿಯಾಗಿ ಸಾಕುವವರ ಕೈಗೇ ಅದು ಸೇರಬೇಕೆಂಬುದು ನನ್ನ ಹಟ.

ವಿಷದ ವಿಚಾರಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಮಗುವೂ ಹಿರಿಯರೂ ಇರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನೋಡಿದವರ ಕಣ್ಣು ಮೊದಲು ಹೋಗುವುದು ಆ ಬೀಸಣಿಗೆಯಂಥ ಪಕ್ಕದ ರೆಕ್ಕೆಗಳ ಕಡೆಗೆ. ಅವುಗಳಲ್ಲಿ ವಿಷವಿಲ್ಲ, ಬಾಲದಲ್ಲೂ ಇಲ್ಲ. ವಿಷವಿರುವುದು 18 ಮುಳ್ಳುಗಳಲ್ಲಿ: ಬೆನ್ನಿನ ಮೇಲೆ 13, ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳಲ್ಲಿ ಒಂದೊಂದು, ಬಾಲದ ಹತ್ತಿರ ಕೆಳಗಡೆ 3. ಪ್ರತಿ ಮುಳ್ಳಿನ ಉದ್ದಕ್ಕೂ ಎರಡು ತೋಡುಗಳಿವೆ. ಆ ತೋಡುಗಳಲ್ಲಿ ವಿಷದ ಗ್ರಂಥಿ, ಅದರ ಮೇಲೆ ತೆಳುವಾದ ಚರ್ಮದ ಒರೆ. ಮುಳ್ಳು ನಮ್ಮ ಬೆರಳಿಗೆ ನೆಟ್ಟಾಗ ಒರೆ ಹಿಂದಕ್ಕೆ ಸರಿಯುತ್ತದೆ, ಗ್ರಂಥಿ ಜಜ್ಜಿಹೋಗುತ್ತದೆ, ವಿಷ ತೋಡಿನ ಗುಂಟ ಗಾಯದೊಳಕ್ಕೆ ಇಳಿಯುತ್ತದೆ. ಹಾವಿಗಿರುವಂತೆ ವಿಷವನ್ನು ಚಿಮ್ಮಿಸುವ ಸ್ನಾಯು ಇದಕ್ಕಿಲ್ಲ. ನೀವು ಎಷ್ಟು ಒತ್ತಿದಿರಿ, ಮುಳ್ಳು ಎಷ್ಟು ಆಳಕ್ಕೆ ಹೋಯಿತು ಎನ್ನುವುದರ ಮೇಲೆಯೇ ಎಲ್ಲವೂ ನಿಂತಿದೆ. ಮೀನು ಸತ್ತ ಮೇಲೂ ಮುಳ್ಳಿನ ವಿಷ ಉಳಿದಿರುತ್ತದೆ. ಸತ್ತ ಸಿಂಹಮೀನನ್ನು ಬರಿಗೈಯಲ್ಲಿ ಎತ್ತಿ ಚುಚ್ಚಿಸಿಕೊಂಡವರಿದ್ದಾರೆ.

ನನಗೆ ಚುಚ್ಚಿದ್ದು 2011ರ ಒಂದು ಭಾನುವಾರ ಸಂಜೆ. ಹೀಟರನ್ನು ಗಾಜಿಗೆ ಹಿಡಿದಿಡುವ ರಬ್ಬರ್ ಬಿಲ್ಲೆ ಕಳಚಿ ಕಲ್ಲಿನ ಹಿಂದೆ ಬಿದ್ದಿತ್ತು. ಮೀನು ಎಡಗಡೆಯ ಮೂಲೆಯಲ್ಲಿದ್ದುದನ್ನು ಎರಡು ನಿಮಿಷ ಮೊದಲು ನೋಡಿದ್ದೆ. ಆ ನೆನಪಿನ ಮೇಲೆ ಬಲಗಡೆ ಕೈ ಇಳಿಸಿದೆ. ಅಷ್ಟರಲ್ಲಿ ಅದು ಈ ಕಡೆ ಬಂದು ಕಲ್ಲಿನ ಚಾಚಿನ ಅಡಿಯಲ್ಲಿ ತಲೆಕೆಳಗಾಗಿ ನಿಂತಿತ್ತು. ಅದು ಏರಿ ಬರಲಿಲ್ಲ. ನಾನೇ ಬೆರಳನ್ನು ಅದರ ಬೆನ್ನಿಗೆ ಒತ್ತಿದೆ. ಮೊದಲು ಸೂಜಿ ಚುಚ್ಚಿದಂತಾಯಿತು, ಅಷ್ಟೆ. ಕೈ ಹೊರಗೆ ತೆಗೆದರೆ ತೋರುಬೆರಳ ಗೆಣ್ಣಿನ ಪಕ್ಕದಲ್ಲಿ ಎರಡು ಚುಕ್ಕೆ, ಒಂದು ಹನಿ ರಕ್ತ. ನಲ್ಲಿಯಲ್ಲಿ ಕೈ ತೊಳೆಯುವಷ್ಟರಲ್ಲಿ ಬೆರಳನ್ನು ಕೆಂಡದಲ್ಲಿ ಇಟ್ಟಂತಾಯಿತು. ಉರಿ ಹತ್ತು ನಿಮಿಷದಲ್ಲಿ ಮೊಣಕೈ ದಾಟಿ ಕಂಕುಳಿಗೆ ಏರಿತು. ಹಣೆಯಲ್ಲಿ ಬೆವರು, ಹೊಟ್ಟೆಯಲ್ಲಿ ತೊಳಸು. ನಿಂತಲ್ಲಿ ನಿಲ್ಲಲಾಗದೆ ಹಜಾರದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ.

ನನ್ನ ಹೆಂಡತಿ ಗೀಸರಿನ ನೀರನ್ನು ಬಕೆಟ್ಟಿಗೆ ಹಿಡಿದು ತಂದಳು. ಕೈ ಮುಳುಗಿಸಲು ಹೋದ ನನ್ನನ್ನು ತಡೆದು, ಮೊದಲು ತನ್ನ ಮೊಣಕೈಯನ್ನು ಅದ್ದಿ ನೋಡಿ, ಬಿಸಿ ಹೆಚ್ಚಾಯಿತೆಂದು ಒಂದು ಚೊಂಬು ತಣ್ಣೀರು ಬೆರೆಸಿದಳು. ಎಳೆಮಗುವಿನ ಸ್ನಾನಕ್ಕೆ ನೀರು ಹದ ಮಾಡುವವರಿಗೆ ಇರುವ ಆ ವಿವೇಕ ಅಂದು ನನ್ನ ಬೆರಳನ್ನು ಉಳಿಸಿತು. ನೋವಿನಿಂದ ಕಂಗೆಟ್ಟ ಕೈಗೆ ನೀರಿನ ಬಿಸಿ ತಿಳಿಯುವುದಿಲ್ಲ. ಚುಚ್ಚಿಸಿಕೊಂಡವರು ತಾವೇ ಹದ ನೋಡಲು ಹೋಗಿ ಬೊಬ್ಬೆ ಬರುವಷ್ಟು ಸುಟ್ಟುಕೊಳ್ಳುತ್ತಾರೆ. ನೀರಿನಲ್ಲಿ ಕೈಯಿಟ್ಟ ಕಾಲು ಗಂಟೆಗೆ ಉರಿ ಅರ್ಧಕ್ಕೆ ಇಳಿಯಿತು. ಹೊರಗೆ ತೆಗೆದರೆ ಮತ್ತೆ ಏರುತ್ತಿತ್ತು. ಹೀಗೆ ಒಂದೂವರೆ ಗಂಟೆ ಕಳೆಯಿತು. ಬೆರಳಿನ ಬಾವು ಪೂರ್ತಿ ಇಳಿದು ಅದು ಮೊದಲಿನಂತೆ ಮಡಚಲು ಎರಡು ವಾರ ಬೇಕಾಯಿತು.

ಇದನ್ನು ಜೇನುಹುಳದ ಕಡಿತಕ್ಕೆ ಹೋಲಿಸುವವರು ಬಹುಶಃ ಇನ್ನೂ ಚುಚ್ಚಿಸಿಕೊಂಡಿಲ್ಲ. ಆರೋಗ್ಯವಂತ ವಯಸ್ಕರ ಜೀವಕ್ಕೆ ಅಪಾಯವಾಗುವುದು ಬಹಳ ಅಪರೂಪ, ಆ ಮಟ್ಟಿಗೆ ಧೈರ್ಯವಾಗಿರಿ. ಆದರೆ ಈ ವಿಷ ನರ ಮತ್ತು ಸ್ನಾಯುಗಳ ಮೇಲೆ, ಹೃದಯದ ಬಡಿತ ಮತ್ತು ರಕ್ತದ ಒತ್ತಡದ ಮೇಲೆ ಕೆಲಸ ಮಾಡುವಂಥದ್ದು. ನಿಮ್ಮ ಅಮ್ಮನಿಗೆ ಚುಚ್ಚಿದರೆ ನೋವಿನ ಆಘಾತವೊಂದೇ ಸಾಕು ತೊಂದರೆಗೆ. ಆರು ವರ್ಷದ ಪುಟ್ಟ ದೇಹಕ್ಕೂ ಅಷ್ಟೇ ವಿಷ ಹೆಚ್ಚಿನ ಹೊರೆಯಾಗುತ್ತದೆ.

ಹಾಗಾಗಿ ಮೀನಿಗಿಂತ ಮೊದಲು ಮನೆಗೆ ಬರಬೇಕಾದದ್ದು ಒಂದು ಥರ್ಮಾಮೀಟರ್. ಯಾರಿಗೇ ಚುಚ್ಚಲಿ, ಗಾಯವನ್ನು ತೊಳೆದು, ಕಣ್ಣಿಗೆ ಕಾಣುವ ಮುಳ್ಳಿನ ಚೂರನ್ನು ಚಿಮುಟದಿಂದ ತೆಗೆದು, 45 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿನೀರಿನಲ್ಲಿ ಕೈಯನ್ನು ಮುಳುಗಿಸಬೇಕು. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ, ನೀರು ಆರಿದಂತೆ ಬದಲಿಸುತ್ತಾ. ಈ ವಿಷ ಪ್ರೋಟೀನಿನದು, ಬಿಸಿಗೆ ಕೆಡುತ್ತದೆ. ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳು ಚುಚ್ಚಿದಾಗಲೂ ಇದೇ ಉಪಚಾರ. ಮಂಜುಗಡ್ಡೆ ಇಡಬಾರದು, ಬಿಗಿಯಾಗಿ ಕಟ್ಟು ಹಾಕಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ 108ಕ್ಕೆ ಕರೆ ಮಾಡಿ. ಬಿಸಿನೀರಿನ ಲೆಕ್ಕ ನೋಡುತ್ತಾ ಕೂರಬೇಡಿ. ಮಗುವಿಗೋ ಅಮ್ಮನಿಗೋ ಚುಚ್ಚಿದರಂತೂ ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದವರೂ ನೋವು ಇಳಿದ ಮೇಲೆ ವೈದ್ಯರ ಬಳಿ ಹೋಗಲೇಬೇಕು. ಟೆಟನಸ್ ಚುಚ್ಚುಮದ್ದು ಬೇಕಾಗುತ್ತದೆ, ಮುರಿದ ಮುಳ್ಳು ಒಳಗೆ ಉಳಿದಿದೆಯೇ ಎಂದು ಎಕ್ಸ್-ರೇ ತೆಗೆದು ನೋಡಬೇಕಾಗಬಹುದು. ಸಮುದ್ರದ ನೀರಿನ ಬ್ಯಾಕ್ಟೀರಿಯಾಗಳಿಂದ ಆಗುವ ಸೋಂಕು ಕೆಲವೊಮ್ಮೆ ವಿಷಕ್ಕಿಂತ ಹೆಚ್ಚು ಕಾಡುತ್ತದೆ. ನಮ್ಮ ಒಳನಾಡಿನ ವೈದ್ಯರಲ್ಲಿ ಹೆಚ್ಚಿನವರು ಇಂಥ ಗಾಯವನ್ನು ನೋಡಿರುವುದಿಲ್ಲ. ಮೀನಿನ ಹೆಸರು, ಅದರ ವಿಷ, ಬಿಸಿನೀರಿನ ಉಪಚಾರ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತೊಟ್ಟಿಯ ಪಕ್ಕದಲ್ಲೇ ಅಂಟಿಸಿಡಿ. ನನ್ನ ಮನೆಯಲ್ಲಿ ಆ ಚೀಟಿ ಈಗಲೂ ಇದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದ ವಿಷ ಮಾಹಿತಿ ಕೇಂದ್ರಕ್ಕೆ ಐದು ವರ್ಷಗಳಲ್ಲಿ ಬಂದಿದ್ದ, ಈ ಕುಟುಂಬದ ಮೀನುಗಳು ಚುಚ್ಚಿದ 51 ಪ್ರಕರಣಗಳ ವರದಿಯೊಂದು 1985ರಲ್ಲಿ ಪ್ರಕಟವಾಗಿತ್ತು. ಅವುಗಳಲ್ಲಿ 45 ಸಿಂಹಮೀನಿನವು, ಅಂದರೆ ಸಮುದ್ರದಲ್ಲಿ ಈಜಲು ಹೋದವರದ್ದಲ್ಲ, ಅಕ್ವೇರಿಯಂ ಇಟ್ಟವರದ್ದು. ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಮನೆಯ ತೊಟ್ಟಿಯಲ್ಲಿ ಚುಚ್ಚುವ ಸಂದರ್ಭಗಳು ಎಲ್ಲರಿಗೂ ಒಂದೇ: ಗಾಜು ಒರೆಸುವಾಗ, ಬಿದ್ದದ್ದನ್ನು ಎತ್ತುವಾಗ, ಮೀನನ್ನು ಸ್ಥಳಾಂತರಿಸುವಾಗ.

ಇದರಲ್ಲಿ ಹೊಸಬರಿಗೆ ಹೊಳೆಯದ ಸಂಗತಿಯೊಂದಿದೆ. ಹೊಸದಾಗಿ ಬಂದ ಸಿಂಹಮೀನಿಗಿಂತ ಪಳಗಿದ ಸಿಂಹಮೀನು ಹೆಚ್ಚು ಅಪಾಯಕಾರಿ. ಹೊಸದು ಕೈ ಕಂಡರೆ ಕಲ್ಲಿನ ಹಿಂದೆ ಸರಿಯುತ್ತದೆ. ತೀರಾ ಹತ್ತಿರವಾದರೆ ತಲೆ ತಗ್ಗಿಸಿ ಬೆನ್ನಿನ ಮುಳ್ಳುಗಳನ್ನು ನಿಮ್ಮ ಕಡೆ ತಿರುಗಿಸಿ ಎಚ್ಚರಿಸುತ್ತದೆ. ಮೂರು ತಿಂಗಳು ನಿಮ್ಮ ಕೈಯಿಂದ ಊಟ ಮಾಡಿದ ಮೀನಿಗೆ ಕೈ ಎಂದರೆ ಊಟ. ಮುಚ್ಚಳ ತೆರೆದ ಸದ್ದಿಗೇ ಮೇಲಕ್ಕೆ ಬಂದು ನಿಮ್ಮ ಬೆರಳಿನ ಸುತ್ತ ಸುಳಿಯುತ್ತದೆ. ಆಗ ಪ್ರೀತಿ ಉಕ್ಕಿ ಮುಟ್ಟಬೇಕೆನಿಸುತ್ತದೆ. ಮುಟ್ಟಬೇಡಿ. ಊಟವನ್ನು ಎರಡಡಿ ಉದ್ದದ ಇಕ್ಕಳ ಅಥವಾ ಕಡ್ಡಿಯ ತುದಿಯಿಂದ ಮಾತ್ರ ಕೊಡಿ, ಅದೂ ತೊಟ್ಟಿಯ ಒಂದೇ ಮೂಲೆಯಲ್ಲಿ. ಗಾಜನ್ನು ಒಳಗಿನಿಂದ ಒರೆಸಲು ಅಯಸ್ಕಾಂತದ ಒರಸುಗ ಸಿಗುತ್ತದೆ, ಅದನ್ನೇ ಬಳಸಿ. ಕೈ ಇಳಿಸಲೇಬೇಕಾದರೆ ಒಂದು ಅಕ್ರಿಲಿಕ್ ಹಾಳೆಯನ್ನು ಅಡ್ಡಗೋಡೆಯಂತೆ ನಿಲ್ಲಿಸಿ, ಮೀನು ಆ ಕಡೆ ಇರುವುದನ್ನು ಕಣ್ಣಾರೆ ನೋಡುತ್ತಲೇ ಇಳಿಸಿ. ಮನೆಯಲ್ಲಿ ಇನ್ನೊಬ್ಬರು ಇರಲಿ. ತೆಳುವಾದ ರಬ್ಬರ್ ಕೈಗವಸಿನ ಮೂಲಕ ಈ ಮುಳ್ಳು ಸಲೀಸಾಗಿ ತೂರಿ ಬರುತ್ತದೆ, ಅದನ್ನು ನೆಚ್ಚಬೇಡಿ.

ಮಗಳ ವಿಷಯದಲ್ಲಿ ಬರಿಯ ಬುದ್ಧಿಮಾತು ಸಾಲದು. ತೊಟ್ಟಿಯ ಮುಚ್ಚಳಕ್ಕೆ ಬೀಗ ಇರಲಿ, ಹತ್ತಿರದಲ್ಲಿ ಮಕ್ಕಳು ಹತ್ತಬಹುದಾದ ಕುರ್ಚಿ, ಸ್ಟೂಲು ಇರದಿರಲಿ. ಅವಳಿಗೆ ಆ ಮೀನಿನ ಬಗ್ಗೆ ಹೆದರಿಕೆ ಹುಟ್ಟಿಸಬೇಡಿ; ಊಟದ ಹೊತ್ತಿಗೆ ಗಾಜಿನ ಹೊರಗೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಕದ್ದು ನೋಡುವ ಅಗತ್ಯ ಬಾರದ ಮಗು ಕದ್ದು ಮುಟ್ಟುವುದೂ ಕಡಿಮೆ.

ವಿಷದ ಮಾತೇ ಇಷ್ಟು ಉದ್ದವಾಯಿತು. ಆದರೂ ಮನೆಗಳಲ್ಲಿ ಸಿಂಹಮೀನು ಮಾಡುವ ಹಾನಿಗಿಂತ ನಾವು ಅದಕ್ಕೆ ಮಾಡುವ ಹಾನಿಯೇ ಹೆಚ್ಚು. ಗಾಯಗೊಂಡ ಬೆರಳುಗಳನ್ನು ನಾನು ನೋಡಿರುವುದು ನಾಲ್ಕೈದು. ಅಕಾಲದಲ್ಲಿ ಸತ್ತ ಸಿಂಹಮೀನುಗಳನ್ನು ಎಣಿಸಿಟ್ಟಿಲ್ಲ. ಅವುಗಳ ಸಾವಿಗೆ ಹೆಚ್ಚಾಗಿ ಎರಡೇ ಕಾರಣ: ಇಕ್ಕಟ್ಟಾದ ತೊಟ್ಟಿ, ತಪ್ಪು ಊಟ.

ನೀವು ನೋಡಿದ ಮರಿ ಬಹುಶಃ ಅಂಗಡಿಗಳಲ್ಲಿ ‘ವೊಲಿಟಾನ್ಸ್’ ಎಂದು ಮಾರುವ ದೊಡ್ಡ ಜಾತಿಯದು ಅಥವಾ ಅದರ ಹತ್ತಿರದ ಸಂಬಂಧಿ ‘ಮೈಲ್ಸ್’ ಇರಬೇಕು. ಇವೆರಡನ್ನೂ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ಇಂದು ಮೂರು ಇಂಚಿನ ಮರಿ ಎರಡು ವರ್ಷದೊಳಗೆ ಹೆಚ್ಚುಕಡಿಮೆ ಒಂದು ಅಡಿಯಾಗುತ್ತದೆ. ರೆಕ್ಕೆಗಳನ್ನು ಬಿಚ್ಚಿ ನಿಂತಾಗ ಅಗಲವೂ ಅಷ್ಟೇ ಇರುತ್ತದೆ. ನಿಮ್ಮ ಮೂರಡಿ ತೊಟ್ಟಿ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಎಂದಿಟ್ಟುಕೊಂಡರೂ 190 ಲೀಟರ್ ಹಿಡಿಯುತ್ತದೆ. ಅದರಲ್ಲಿ ಈ ಮೀನಿಗೆ ತಿರುಗಲೂ ಜಾಗವಿರುವುದಿಲ್ಲ. ಅದಕ್ಕೆ 450 ಲೀಟರ್ ಎಂದರೆ ತೀರಾ ಕನಿಷ್ಠ. ನಾನು ಕೇಳಿದವರಿಗೆಲ್ಲ ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯನ್ನೇ ಹೇಳುತ್ತೇನೆ. ಅದು 560 ಲೀಟರಿಗೂ ಮೇಲೆ. ನೀರು, ಗಾಜು, ಕಲ್ಲು ಸೇರಿದರೆ ಮುಕ್ಕಾಲು ಟನ್ನಿನ ಹತ್ತಿರ. ಮಹಡಿಯ ಮನೆಯಾದರೆ ಎಂಜಿನಿಯರರನ್ನು ಕೇಳದೆ ಇಡುವಂಥದ್ದಲ್ಲ. ಇನ್ನೊಂದು ಮಾತು, ಇದು ಹತ್ತು ವರ್ಷ, ಅದಕ್ಕಿಂತಲೂ ಹೆಚ್ಚು ಬದುಕುವ ಮೀನು. ನಿಮ್ಮ ಮಗಳು ಕಾಲೇಜು ಸೇರುವ ಹೊತ್ತಿಗೂ ಅದು ಊಟಕ್ಕೆ ಕಾದು ನಿಂತಿರುತ್ತದೆ.

ನಿಮ್ಮ ತೊಟ್ಟಿಗೆ ಹೊಂದುವುದು ಕುಳ್ಳ ಜಾತಿಗಳು. ‘ಫಜಿ ಡ್ವಾರ್ಫ್’ ಎಂದು ಮಾರುವ ಮೀನು ಆರೇಳು ಇಂಚಿಗೆ ನಿಲ್ಲುತ್ತದೆ. ದಪ್ಪ ಮೈ, ಕೆಂಪು ಕಂದು ಬಣ್ಣ, ಕಲ್ಲಿನ ಮೇಲೆ ಕೋಳಿ ಕಾವು ಕೂತಂತೆ ಕೂರುವ ಸ್ವಭಾವ. ನನ್ನ ಮಟ್ಟಿಗೆ ಹೊಸಬರಿಗೆ ಅದಕ್ಕಿಂತ ಒಳ್ಳೆಯ ಸಿಂಹಮೀನಿಲ್ಲ: ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತದೆ, ಸತ್ತ ಆಹಾರವನ್ನು ಬೇಗ ಕಲಿಯುತ್ತದೆ. ‘ಜೀಬ್ರಾ ಡ್ವಾರ್ಫ್’ ಕೂಡ ಆಗಬಹುದು. ‘ಫು ಮಾಂಚು’ ಎಂಬ ಎರಡು ಮೀಸೆಯ ಚೆಲುವ ಸಿಕ್ಕರೆ ಮರುಳಾಗಬೇಡಿ, ಊಟದ ವಿಷಯದಲ್ಲಿ ಬಹಳ ಸೂಕ್ಷ್ಮದ್ದು. ಗಾತ್ರ ಚಿಕ್ಕದೆಂದು ಎಚ್ಚರ ತಪ್ಪುವಂತಿಲ್ಲ. ಕುಳ್ಳ ಜಾತಿಗಳ ಮುಳ್ಳಿನಲ್ಲೂ ವಿಷವಿದೆ.

ಒಂದು ವರ್ಷ ಉಪ್ಪುನೀರು ಕಲಿಯಿರಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಡಿಸ್ಕಸ್ ಸಾಕಿದವರಿಗೆ ಅಮೋನಿಯಾದ, ಅಂದರೆ ಮೀನಿನ ಗಲೀಜಿನಿಂದ ನೀರಿಗೆ ಸೇರುವ ವಿಷದ ಪಾಠ ಹೊಸದಲ್ಲ. ಆದರೆ ನಿಮ್ಮ ಡಿಸ್ಕಸ್ ನೀರಿನ ಪಿಎಚ್ ಏಳರ ಆಸುಪಾಸು ಅಥವಾ ಅದಕ್ಕೂ ಕೆಳಗೆ. ಸಮುದ್ರದ ನೀರಿನದು 8.2ರ ಹತ್ತಿರ. ಪಿಎಚ್ ಏರಿದಂತೆ ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು ಏರುತ್ತದೆ, ಏಳರಿಂದ ಎಂಟಕ್ಕೆ ಏರಿದರೆ ಸುಮಾರು ಹತ್ತು ಪಟ್ಟು. ಸಿಹಿನೀರಿನಲ್ಲಿ ನೀವು ‘ಪರವಾಗಿಲ್ಲ, ನಾಳೆ ನೀರು ಬದಲಿಸೋಣ’ ಎಂದು ಬಿಡುತ್ತಿದ್ದ ಅಳತೆ ಇಲ್ಲಿ ಮೀನನ್ನು ಬೆಳಗಾಗುವುದರೊಳಗೆ ಕೊಲ್ಲಬಲ್ಲದು. ಸಿಂಹಮೀನು ಬರಿಯ ಮಾಂಸ ತಿಂದು ಧಾರಾಳವಾಗಿ ಗಲೀಜು ಮಾಡುವ ಪ್ರಾಣಿ. ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಒಳ್ಳೆಯ ಪ್ರೋಟೀನ್ ಸ್ಕಿಮ್ಮರ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಅದರ ಖರ್ಚಿನಲ್ಲಿ ಚೌಕಾಶಿ ಬೇಡ, ಬೇಕಾದರೆ ದೀಪದಲ್ಲಿ ಉಳಿಸಿ. ಈ ಮೀನಿಗೆ ಮಂದ ಬೆಳಕೇ ಇಷ್ಟ.

ನೀರಿಗೆ ಆರ್‌ಒ ನೀರು, ಅದಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಸಮುದ್ರ ಉಪ್ಪು. ನಿಮ್ಮ ತೊಟ್ಟಿಗೆ ಆರೂವರೆ ಕಿಲೋ ಆಗುತ್ತದೆ. ಅಡುಗೆಯ ಉಪ್ಪು, ಕಲ್ಲುಪ್ಪು ನಡೆಯುವುದಿಲ್ಲ. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಕ್ಯಾನುಗಳಲ್ಲಿ ನೀರು ತರುವವರಿದ್ದಾರೆ. ದಡದ ನೀರಿನಲ್ಲಿ ದೋಣಿಗಳ ಡೀಸೆಲ್, ಊರಿನ ಚರಂಡಿ, ಮಳೆಗಾಲದ ಹೊಳೆಯ ಕೆಸರು ಎಲ್ಲ ಸೇರಿರುತ್ತದೆ, ಬೇಡ. ಲವಣಾಂಶವನ್ನು ನೋಡಲು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ, ಅದು ತೋರಿಸುವ ಸಾಪೇಕ್ಷ ಸಾಂದ್ರತೆ 1.023ರಿಂದ 1.025ರ ನಡುವೆ ಇರಲಿ. ನೀರು ಆವಿಯಾದಾಗ ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ದಿನನಿತ್ಯ ತುಂಬಿಸುವುದು ಉಪ್ಪಿಲ್ಲದ ನೀರು. ಸಿಹಿನೀರಿನಿಂದ ಬಂದವರು ಇಲ್ಲಿಯೇ ಮೊದಲು ಎಡವುತ್ತಾರೆ. ತೊಟ್ಟಿ ಪಕ್ವವಾಗಲು, ಅಂದರೆ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಲು, ನಾಲ್ಕರಿಂದ ಆರು ವಾರ ಬೇಕು. ಮೈಸೂರಿನ ಹವೆ ಈ ಮೀನಿಗೆ ಒಗ್ಗುತ್ತದೆ, 24ರಿಂದ 26 ಡಿಗ್ರಿ ಸಾಕು. ಏಪ್ರಿಲ್‌ನಲ್ಲಿ ಪಂಪಿನ ಕಾವೂ ಸೇರಿ ನೀರು 29 ದಾಟಬಹುದು, ಆಗ ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ಹಾಯಿಸಿದರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಕರೆಂಟು ಹೋದಾಗ ತಾನೇ ಚಾಲೂ ಆಗುವ ಬ್ಯಾಟರಿ ಏರ್ ಪಂಪ್ ಒಂದಿರಲಿ.

ಆ ಒಂದು ವರ್ಷ ತೊಟ್ಟಿಯನ್ನು ಖಾಲಿ ಇಡಬೇಕಿಲ್ಲ. ಒಂದು ಜೋಡಿ ಕ್ಲೌನ್ ಮೀನು ಸಾಕಿ. ಮುಂದೆ ಸಿಂಹಮೀನು ಬರುವಾಗ ಅವಕ್ಕೆ ಬೇರೆ ಮನೆ ನೋಡಬೇಕು, ಏಕೆಂದರೆ ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಊಟವೇ. ತನ್ನ ಅರ್ಧ ಉದ್ದದ ಮೀನನ್ನೂ ನುಂಗುತ್ತದೆ. ಸಿಗಡಿ, ಏಡಿ, ಪುಟ್ಟ ಡ್ಯಾಮ್ಸೆಲ್ ಯಾವುದೂ ಉಳಿಯುವುದಿಲ್ಲ. ಹಾಗೆಂದು ಬಲಿಷ್ಠ ಮೀನುಗಳನ್ನು ಜೊತೆ ಮಾಡಿದರೆ ಟ್ರಿಗರ್, ಪಫರ್‌ಗಳು ಅದರ ರೆಕ್ಕೆಯ ಅಂಚನ್ನು ಕಚ್ಚಿ ಹರಿದುಹಾಕುತ್ತವೆ. ಮೂರಡಿಯ ತೊಟ್ಟಿಯಲ್ಲಿ ಒಂದೇ ಒಂದು ಫಜಿ ಡ್ವಾರ್ಫ್ ಒಂಟಿಯಾಗಿ ನೆಮ್ಮದಿಯಿಂದ ಇರುತ್ತದೆ.

ಈಗ ಊಟ. ಗೋಲ್ಡ್‌ಫಿಶ್ ಮರಿ ಹಾಕಿ ಎಂಬ ಸಲಹೆಯಿಂದ ಸತ್ತ ಸಿಂಹಮೀನುಗಳಿಗೆ ಲೆಕ್ಕವಿಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನು ಮೇಲ್ನೋಟಕ್ಕೆ ದುಂಡಗೆ ಕಾಣುತ್ತದೆ. ಒಳಗೆ ನರಗಳು ಸೊರಗುತ್ತವೆ, ಸಿಹಿನೀರಿನ ಮೀನಿನ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ. ಒಂದು ದಿನ ಗುರಿ ತಪ್ಪಿ ಗಾಳಿ ನುಂಗಿದಂತೆ ಬಾಯಿ ಹಾಕಲು ಶುರುಮಾಡುತ್ತದೆ. ಆ ಹಂತಕ್ಕೆ ಬಂದ ಮೀನನ್ನು ಉಳಿಸಲು ನನ್ನಿಂದ ಒಮ್ಮೆಯೂ ಆಗಿಲ್ಲ. ಗಪ್ಪಿ ಅಷ್ಟು ಕೆಟ್ಟದ್ದಲ್ಲ, ಮೊದಲ ವಾರ ಏನೂ ತಿನ್ನದ ಮೀನಿಗೆ ಒಂದೆರಡು ಕೊಡಬಹುದು. ಅದೇ ಅಭ್ಯಾಸವಾಗಬಾರದು.

ಸತ್ತ ಆಹಾರವನ್ನು ಕಲಿಸುವುದು ತಾಳ್ಮೆಯ ಕೆಲಸ, ನನಗೆ ಬಹಳ ಪ್ರಿಯವಾದ ಕೆಲಸವೂ ಹೌದು. ಸಿಗಡಿಯ ಒಂದು ತುಂಡನ್ನು ಪಾರದರ್ಶಕ ಕಡ್ಡಿಯ ತುದಿಗೆ ಸಿಕ್ಕಿಸಿ. ಸಂಜೆ ದೀಪ ಆರಿದ ಮೇಲೆ ಮೀನಿನ ಮುಂದೆ ಎರಡು ಇಂಚು ದೂರದಲ್ಲಿ ಹಿಡಿದು, ಜೀವವಿದೆ ಎನ್ನಿಸುವಂತೆ ಸಣ್ಣಗೆ ನಡುಗಿಸಿ. ಮೂತಿಗೆ ತಾಗಿಸಬೇಡಿ, ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸಿ. ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. ಮೊದಲು ಕಣ್ಣು ತಿರುಗುತ್ತದೆ, ಆಮೇಲೆ ಮೈ, ಆಮೇಲೆ ಪಕ್ಕದ ರೆಕ್ಕೆಗಳು ಬಿಚ್ಚುತ್ತವೆ. ರೆಕ್ಕೆ ಬಿಚ್ಚಿದರೆ ಅರ್ಧ ಗೆದ್ದಿರಿ. ಬಾಯಿಗೆ ಹಾಕಿ ಉಗುಳಿದರೂ ನಿರಾಶರಾಗಬೇಡಿ, ನಾಳೆ ಮತ್ತೆ. ಒಂದು ಮೀನು ಎರಡೇ ದಿನದಲ್ಲಿ ಕಲಿತದ್ದಿದೆ, ಇನ್ನೊಂದಕ್ಕೆ ಐದು ವಾರ ಹಿಡಿದದ್ದಿದೆ.

ಕಲಿತ ಮೇಲೆ ಸಿಪ್ಪೆಸಹಿತ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಬಿಳಿ ಮಾಂಸದ ಸಮುದ್ರ ಮೀನಿನ ತುಂಡು ಹೀಗೆ ಬದಲಿಸುತ್ತಾ ಕೊಡಿ. ಯಾವುದೇ ಒಂದರ ಮೇಲೆ ನಿಲ್ಲಬೇಡಿ. ವಾರಕ್ಕೊಮ್ಮೆ ವಿಟಮಿನ್ ದ್ರಾವಣದಲ್ಲಿ ನೆನೆಸಿ. ತುಂಡು ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಬಾರದು. ಮರಿಗೆ ವಾರಕ್ಕೆ ಮೂರು ಬಾರಿ, ಬೆಳೆದದ್ದಕ್ಕೆ ಎರಡು ಬಾರಿ ಸಾಕು. ಅದು ದಿನವೂ ಗಾಜಿನ ಹತ್ತಿರ ಬಂದು ಬೇಡುತ್ತದೆ, ಅತಿಥಿಗಳು ಬಂದಾಗ ತೋರಿಸಲು ನಿಮಗೂ ಒಂದು ತುಂಡು ಹಾಕಬೇಕೆನಿಸುತ್ತದೆ. ಕೊಬ್ಬಿ ಸಾಯುವ ಸಿಂಹಮೀನುಗಳೆಲ್ಲ ಹೀಗೆ ಪ್ರೀತಿಯಿಂದಲೇ ಸತ್ತವು.

ಒಂದು ಸಂಗತಿಯನ್ನು ಮೊದಲೇ ಹೇಳಿರುತ್ತೇನೆ, ಇಲ್ಲದಿದ್ದರೆ ಗಾಬರಿಯಾಗುತ್ತೀರಿ. ಕೆಲವು ವಾರಗಳಿಗೊಮ್ಮೆ ಮೀನಿನ ಮೈಮೇಲೆ ಹಾಲಿನ ಕೆನೆಯಂಥ ಪೊರೆ ಕಾಣಿಸಿಕೊಳ್ಳುತ್ತದೆ. ಮೀನು ಒಮ್ಮೆ ಜೋರಾಗಿ ಮೈ ಕೊಡವುತ್ತದೆ, ಪೊರೆ ಚೂರುಚೂರಾಗಿ ಕಳಚಿ ನೀರಿನಲ್ಲಿ ತೇಲುತ್ತದೆ. ಅದು ರೋಗವಲ್ಲ, ಹಾವು ಪೊರೆ ಬಿಟ್ಟಂತೆ ಇದೂ ಬಿಡುತ್ತದೆ. ಔಷಧಿ ಸುರಿಯಬೇಡಿ.

ಇನ್ನು ಮಲ್ಪೆಯ ಮಾತು. ‘ಇದು ನಮ್ಮ ಹಿಂದೂ ಮಹಾಸಾಗರದ್ದೇ ಮೀನಲ್ಲವೇ, ಬಿಟ್ಟರೆ ಏನು?’ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಸಿಂಹಮೀನುಗಳು ಲಕ್ಷದ್ವೀಪ, ಅಂಡಮಾನ್ ಮತ್ತು ಮನ್ನಾರ್ ಕೊಲ್ಲಿಯಲ್ಲಿ ಇವೆ, ನಿಜ. ಅಂಗಡಿಯ ಮೀನು ಬಂದದ್ದು ಇಂಡೊನೇಷ್ಯಾದಿಂದಲೋ ಇನ್ನೆಲ್ಲಿಂದಲೋ ಯಾರು ಬಲ್ಲರು? ಎಷ್ಟೋ ಊರಿನ ಮೀನುಗಳ ಜೊತೆ ಒಂದೇ ನೀರು ಹಂಚಿಕೊಂಡು ಬಂದ ಅದು ಯಾವ ರೋಗವನ್ನು ಹೊತ್ತು ತಂದಿದೆಯೋ. ಅಟ್ಲಾಂಟಿಕ್‌ನಲ್ಲಿ ಏನಾಯಿತು ನೋಡಿ. 1985ರಲ್ಲಿ ಫ್ಲಾರಿಡಾದ ಡೇನಿಯಾ ಬೀಚ್ ಬಳಿ ಒಂದು ಸಿಂಹಮೀನು ಕಾಣಿಸಿತು. ಆ ಸಾಗರದಲ್ಲಿ ಹಿಂದೆಂದೂ ಇರದ ಮೀನು ಅದು, ಅಕ್ವೇರಿಯಂನವರು ಬಿಟ್ಟದ್ದರಿಂದ ಬಂದದ್ದೆಂದೇ ವಿಜ್ಞಾನಿಗಳ ಅಭಿಪ್ರಾಯ. 2004ರ ಹೊತ್ತಿಗೆ ಬಹಾಮಾಸ್‌ನಲ್ಲಿತ್ತು, ಆಮೇಲೆ ಇಡೀ ಕೆರಿಬಿಯನ್‌ನಲ್ಲಿ, 2014ರಲ್ಲಿ ಬ್ರೆಜಿಲ್ ಕರಾವಳಿಯಲ್ಲಿ. ಒಂದು ಹೆಣ್ಣು ವರ್ಷಕ್ಕೆ ಇಪ್ಪತ್ತು ಲಕ್ಷದಷ್ಟು ಮೊಟ್ಟೆಯಿಡಬಲ್ಲದು. ಬಹಾಮಾಸ್‌ನ ಸಣ್ಣ ಹವಳದ ದಿಬ್ಬಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೊಂದೇ ಸಿಂಹಮೀನು ಇದ್ದ ಕಡೆ ಐದು ವಾರಗಳಲ್ಲಿ ಹೊಸದಾಗಿ ಸೇರುವ ಸ್ಥಳೀಯ ಮೀನುಮರಿಗಳ ಪ್ರಮಾಣ ಸರಾಸರಿ ಶೇ 79ರಷ್ಟು ಕುಸಿದಿತ್ತು. ಯಾರೋ ಸಾಕಲಾರದೆ ಕರುಣೆಯಿಂದ ಬಿಟ್ಟ ಕೆಲವು ಮೀನುಗಳ ಕತೆ ಇದು. ನಮ್ಮ ಕೆರೆಗಳಿಗೆ ಸಕ್ಕರ್ ಮೀನು ಸೇರಿದ್ದೂ ಹೀಗೆಯೇ, ಸಾಕಿದವರು ತೊಟ್ಟಿಯಿಂದ ತಂದು ಬಿಟ್ಟು; ಅಕ್ವೇರಿಯಂ ಇಟ್ಟವರಿಗೆಲ್ಲ ಅದು ಗೊತ್ತಿರುವುದೇ. ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ, ದೊಡ್ಡ ತೊಟ್ಟಿಯಿರುವವರಿಗೆ ಕೊಡಿ. ಕೊಳ್ಳುವ ಮೊದಲೇ ಅಂಥ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ.

ಕಾನೂನಿನ ಮಾತೂ ಇದೆ. ಸಿಂಹಮೀನು ಸಾಕಲು ಅಡ್ಡಿಯಿಲ್ಲ. ಆದರೆ ತೊಟ್ಟಿಯ ಅಲಂಕಾರಕ್ಕೆಂದು ನಮ್ಮ ಸಮುದ್ರದ ಹವಳ, ಹವಳದ ಕಲ್ಲು, ಸಮುದ್ರಕುದುರೆಗಳನ್ನು ಯಾರಾದರೂ ಕದ್ದುಮುಚ್ಚಿ ಮಾರಿದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವು ರಕ್ಷಿತ ಜೀವಿಗಳು. ಸಿಂಹಮೀನಿಗೆ ಬೇಕಾದದ್ದು ನೆರಳಿನ ಗುಹೆ, ಅಷ್ಟೇ. ಸೆರಾಮಿಕ್ ಕಲ್ಲುಗಳಿಂದ ಒಂದು ಚಾಚು ಕಟ್ಟಿಕೊಟ್ಟರೆ ಅದರಡಿ ತಲೆಕೆಳಗಾಗಿ ಹಾಯಾಗಿ ನಿಲ್ಲುತ್ತದೆ.

ಮುಂದಿನ ವರ್ಷ ಫಜಿ ಡ್ವಾರ್ಫ್ ಕೊಳ್ಳಲು ಬೆಂಗಳೂರಿಗೆ ಹೋದಾಗ, ಅಂಗಡಿಯವರಿಗೆ ‘ಇದಕ್ಕೆ ಸತ್ತ ಸಿಗಡಿ ತಿನ್ನಿಸಿ ತೋರಿಸಿ’ ಎಂದು ಕೇಳಿ. ನಿಮ್ಮ ಕಣ್ಣೆದುರು ತಿಂದರೆ ಮುಂಗಡ ಕೊಟ್ಟು, ಒಂದು ವಾರ ಅಲ್ಲೇ ಬಿಟ್ಟು, ಮತ್ತೆ ಹೋಗಿ ಇನ್ನೊಮ್ಮೆ ತಿನ್ನುವುದನ್ನು ನೋಡಿ ತನ್ನಿ. ತಿನ್ನದಿದ್ದರೆ ಖಾಲಿ ಕೈಯಲ್ಲಿ ಹಿಂದಿರುಗಿ. ತರುವಾಗ ಪ್ಲಾಸ್ಟಿಕ್ ಚೀಲ ಬೇಡ, ಮುಳ್ಳು ಅದನ್ನು ತೂತು ಮಾಡಿ ನಿಮ್ಮ ತೊಡೆಗೂ ಚುಚ್ಚಬಹುದು. ಹೋಗುವಾಗಲೇ ಬಿಗಿಯಾದ ಮುಚ್ಚಳವಿರುವ ಹತ್ತು ಲೀಟರಿನ ಬಕೆಟ್ಟು ಒಯ್ಯಿರಿ. ಬಲೆಯಲ್ಲಿ ಹಿಡಿಯಲು ಬಿಡಬೇಡಿ, ಮುಳ್ಳುಗಳು ಸಿಕ್ಕಿಕೊಂಡು ಮೀನೂ ಗಾಯಗೊಳ್ಳುತ್ತದೆ, ಬಿಡಿಸುವವರೂ ಗಾಯಗೊಳ್ಳುತ್ತಾರೆ. ಒಂದು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿ, ಕಡ್ಡಿಯಿಂದ ಮೆಲ್ಲಗೆ ಅದರೊಳಕ್ಕೆ ಸಾಗಿಸಿ, ನೀರಿನೊಂದಿಗೇ ಎತ್ತಿ ಬಕೆಟ್ಟಿಗೆ ಬಿಡಲು ಹೇಳಿ.